ಮೇಲೆ ಹಾಯುವವರು, ಕೆಳಗೆ ಕೇಳುವವರು

ಬೆಂಗಳೂರಿನಿಂದ ಮುಂಬಯಿಗೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಅದು ಹಾವೇರಿ ಜಿಲ್ಲೆಯ ಗುತ್ತಲದಿಂದ ಸರಿಸುಮಾರು 60 ಕಿಲೋಮೀಟರ್ ಪೂರ್ವಕ್ಕೆ ಹಾಯುತ್ತದೆ. ಆ ಗೆರೆಯ ಆಸುಪಾಸಿನಲ್ಲಿ ಹಾರುವ ಯಾವ ವಿಮಾನವೂ ಹಾವೇರಿ ಜಿಲ್ಲೆಯಲ್ಲಿ ಇಳಿಯುವುದಿಲ್ಲ. ಇಳಿಯದಿದ್ದರೂ ಈವರೆಗೆ ಯಾರಿಗೂ ತಕರಾರಿಲ್ಲ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹೋಗುವ ಇಂದಿನ ವಿಮಾನ ಕೆಳಗಿನವರಿಗೆ ಒಂದು ಬಿಳಿ ಗೆರೆ, ಬಹಳವಾದರೆ ಒಂದು ಸಣ್ಣ ಮೊರೆತ. ಶಬ್ದದ ವೇಗವನ್ನು ಮೀರಿ ಹಾರುವ ಪ್ರಯಾಣಿಕ ವಿಮಾನಗಳು ಮತ್ತೆ ಬರುವ ಲಕ್ಷಣ ಕಾಣುತ್ತಿರುವುದರಿಂದ ಈ ನಿರಾತಂಕದ ಸಂಬಂಧ ಬದಲಾಗಬಹುದು. ನೆಲದ ಮೇಲೆ ಸೂಪರ್‌ಸಾನಿಕ್ ನಾಗರಿಕ ಹಾರಾಟಕ್ಕೆ ಅನುಮತಿ ಕೊಡಬೇಕೆ, ಕೊಟ್ಟರೆ ಯಾವ ಕಟ್ಟಳೆಯ ಮೇಲೆ ಎಂಬ ಪ್ರಶ್ನೆ ಸದ್ಯಕ್ಕೆ ವಾಷಿಂಗ್ಟನ್ನಿನಲ್ಲಿ ಚರ್ಚೆಯಾಗುತ್ತಿದೆ. ನಾಳೆ ಅದು ದೆಹಲಿಗೆ ಬಂದರೆ ಉತ್ತರದ ಪರಿಣಾಮವನ್ನು ಅನುಭವಿಸುವವರಲ್ಲಿ ಗುತ್ತಲ, ರಾಣೆಬೆನ್ನೂರು, ಬ್ಯಾಡಗಿಯವರೂ ಇರುತ್ತಾರೆ.

ಕರ್ನಾಟಕಕ್ಕೆ ಈ ಸದ್ದಿನ ಪರಿಚಯ ಇಲ್ಲದಿಲ್ಲ. 2020ರ ಮೇ 20ರಂದು ಮಧ್ಯಾಹ್ನ ಒಂದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಬಹುಭಾಗದಲ್ಲಿ ಭಾರೀ ಸದ್ದೊಂದು ಕೇಳಿತು. ಕಿಟಕಿಗಳು ಅದುರಿದವು. ಲಾಕ್‌ಡೌನ್ ಕಾಲ, ಮನೆಯಲ್ಲೇ ಇದ್ದ ಜನ ಭೂಕಂಪವೆಂದು ಹೊರಗೆ ಬಂದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಕಂಪನಮಾಪಕಗಳಲ್ಲಿ ಏನೂ ದಾಖಲಾಗಿಲ್ಲವೆಂದಿತು. ಅಂದು ಸಂಜೆ ರಕ್ಷಣಾ ಇಲಾಖೆ ವಿವರ ಕೊಟ್ಟಿತು: ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆಯ ವಿಮಾನವೊಂದು ನಗರದಿಂದ ಬಹಳ ದೂರದಲ್ಲಿ ತನಗೆ ಗೊತ್ತುಮಾಡಿದ ವಾಯುಪ್ರದೇಶದಲ್ಲಿ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ, ಸೂಪರ್‌ಸಾನಿಕ್ ವೇಗದಿಂದ ಶಬ್ದದ ವೇಗಕ್ಕಿಂತ ಕೆಳಕ್ಕೆ ಇಳಿಯುವಾಗ ಈ ಸದ್ದು ಆಗಿರಬಹುದು, 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಇಂಥ ಸದ್ದು ಕೇಳಬಲ್ಲುದು. ಈ ದೂರವನ್ನು ಮೇಲೆ ಹೇಳಿದ ಗೆರೆಗೆ ಹಚ್ಚಿ ನೋಡಿದರೆ ಗುತ್ತಲ ಅದರೊಳಗೇ ಬೀಳುತ್ತದೆ.

ಸದ್ದು ಹುಟ್ಟುವ ಬಗೆಯನ್ನು ಕೊಂಚ ವಿವರಿಸದೆ ವಾದಗಳನ್ನು ತೂಗಲಾಗದು. ಗಳಗನಾಥದ ಬಳಿ ತುಂಬಿದ ತುಂಗಭದ್ರೆಯಲ್ಲಿ ಯಂತ್ರದ ದೋಣಿಯೊಂದು ವೇಗವಾಗಿ ಸಾಗಿದರೆ ಅದರ ಹಿಂದೆ ಎರಡೂ ಬದಿಗೆ ಅಲೆ ಚಾಚಿಕೊಳ್ಳುತ್ತದೆ, ದೋಣಿ ದಾಟಿಹೋದ ಮೇಲೆ ದಡಕ್ಕೆ ಬಂದು ಬಡಿಯುತ್ತದೆ. ಗಾಳಿಯಲ್ಲಿ ಶಬ್ದಕ್ಕಿಂತ ಮುಂದೆ ಓಡುವ ವಿಮಾನವೂ ಇಂಥದೇ ಒತ್ತಡದ ಅಲೆಯನ್ನು ಎಳೆದುಕೊಂಡು ಹೋಗುತ್ತದೆ. ಶಬ್ದದ ವೇಗ ದಾಟುವ ಕ್ಷಣದಲ್ಲಿ ಮಾತ್ರ ಒಮ್ಮೆ ಸ್ಫೋಟವಾಗುತ್ತದೆಂಬುದು ಜನಜನಿತ ತಪ್ಪು ಕಲ್ಪನೆ. ಆ ವೇಗದಲ್ಲಿ ಹಾರುವಷ್ಟು ಹೊತ್ತೂ ಸ್ಫೋಟದ ಪಟ್ಟಿ ನೆಲದ ಮೇಲೆ ಉದ್ದಕ್ಕೆ ಸರಿಯುತ್ತಿರುತ್ತದೆ. ಒಂದೊಂದು ಊರಿಗೂ ಒಮ್ಮೊಮ್ಮೆ ಕೇಳುತ್ತದೆ, ಅಷ್ಟೆ. ಸ್ಥೂಲ ಲೆಕ್ಕದಲ್ಲಿ, ಪ್ರತಿ ಸಾವಿರ ಅಡಿ ಎತ್ತರಕ್ಕೆ ಆ ಪಟ್ಟಿ ಒಂದೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು ಅಗಲವಾಗುತ್ತದೆ. 50 ಸಾವಿರ ಅಡಿಯಲ್ಲಿ ಹಾರಿದರೆ ಸುಮಾರು 80 ಕಿಲೋಮೀಟರ್ ಅಗಲ. ಬೆಂಗಳೂರು–ಮುಂಬಯಿ ದಾರಿಯಲ್ಲಿ ಏರಿಳಿತ ಕಳೆದು 500 ಕಿಲೋಮೀಟರ್ ಮಾತ್ರ ಈ ವೇಗದಲ್ಲಿ ಹಾರಿದರೂ 40 ಸಾವಿರ ಚದರ ಕಿಲೋಮೀಟರ್ ನೆಲ ಸದ್ದಿಗೆ ಸಿಗುತ್ತದೆ. ಹಾವೇರಿ ಜಿಲ್ಲೆಯ ಎಂಟರಷ್ಟು.

ಇಂಥ ಲೆಕ್ಕವೇ 1973ರಲ್ಲಿ ಅಮೆರಿಕದ ಮನಸ್ಸನ್ನು ತೀರ್ಮಾನಿಸಿತು. ಆ ವರ್ಷದ ಏಪ್ರಿಲಿನಲ್ಲಿ ಅಲ್ಲಿನ ವಾಯುಯಾನ ಆಡಳಿತ ನೆಲದ ಮೇಲೆ ನಾಗರಿಕ ವಿಮಾನಗಳು ಮ್ಯಾಕ್ 1, ಅಂದರೆ ಶಬ್ದದ ವೇಗ, ದಾಟಬಾರದೆಂದು ನಿಯಮ ಮಾಡಿತು. ಯೂರೋಪಿನ ಹಲವು ದೇಶಗಳ ನಿಲುವೂ ಅದೇ ಆಯಿತು. ಭಾರತದ ಪಾಲಿಗೆ ಪ್ರಶ್ನೆ ಎದುರಾದದ್ದು ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನವಾದ ಕಾನ್‌ಕಾರ್ಡ್ ಮೂಲಕ. ಏರ್ ಇಂಡಿಯಾ ಒಂದು ಕಾಲಕ್ಕೆ ಎರಡು ಕಾನ್‌ಕಾರ್ಡ್‌ಗಳನ್ನು ಕಾದಿರಿಸಿತ್ತು, ಕೊಳ್ಳಲಿಲ್ಲ. 1977ರ ಡಿಸೆಂಬರಿನಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಸಿಂಗಪುರ ಏರ್‌ಲೈನ್ಸ್ ಕೂಡಿ ಲಂಡನ್–ಬಹರೇನ್–ಸಿಂಗಪುರ ಮಾರ್ಗ ಆರಂಭಿಸಿದಾಗ ಮಲೇಷ್ಯಾ ಶಬ್ದದ ಕಾರಣಕ್ಕೆ ತಡೆಯೊಡ್ಡಿತು. ಮೂರು ಹಾರಾಟಕ್ಕೇ ಅದು ನಿಂತಿತು. 1979ರಲ್ಲಿ ಮತ್ತೆ ಶುರುವಾದರೂ ಭಾರತದ ನೆಲದ ಮೇಲೆ ಸೂಪರ್‌ಸಾನಿಕ್ ವೇಗಕ್ಕೆ ಒಪ್ಪಿಗೆ ಸಿಗದೆ ಸಮುದ್ರದ ಮೇಲೆ ಸುತ್ತು ಹಾಕಬೇಕಾಯಿತು. 1980ರಲ್ಲಿ ಮಾರ್ಗ ಮುಚ್ಚಿತು. ಸೋವಿಯತ್ ಒಕ್ಕೂಟದ್ದು ಬೇರೆಯೇ ದಾರಿ: ಅದರ ಟಿಯು-144 ವಿಮಾನ 1977ರ ನವೆಂಬರಿನಿಂದ ಕೆಲವು ತಿಂಗಳು ಮಾಸ್ಕೋದಿಂದ ಅಲ್ಮಾ ಅಟಾಗೆ ನೆಲದ ಮೇಲೆಯೇ ಪ್ರಯಾಣಿಕರನ್ನು ಕೊಂಡೊಯ್ಯಿತು. ಕೆಳಗಿನ ಹುಲ್ಲುಗಾವಲಿನವರನ್ನು ಯಾರೂ ಕೇಳಲಿಲ್ಲ. 1978ರಲ್ಲಿ ಅದೂ ನಿಂತಿತು. ನಿಲ್ಲಲು ಕಾರಣ ಸದ್ದಲ್ಲ, ವಿಮಾನದ್ದೇ ದೋಷಗಳು.

ನಿಷೇಧ ಉಳಿಯಲಿ ಎನ್ನುವವರ ಮೊದಲ ಕಾರಣ ಅನುಭವದಿಂದ ಬಂದದ್ದು. 1964ರಲ್ಲಿ ಅಮೆರಿಕ ಸರ್ಕಾರ ಒಕ್ಲಹೋಮ ಸಿಟಿಯ ಮೇಲೆ ಆರು ತಿಂಗಳ ಕಾಲ, ಹಗಲು ಹೊತ್ತಿನಲ್ಲಿ ದಿನಕ್ಕೆ ಎಂಟರವರೆಗೆ, ಒಟ್ಟು 1,253 ಸ್ಫೋಟಗಳನ್ನು ಬೇಕೆಂದೇ ಮಾಡಿಸಿ ಜನರ ಸಹನೆಯನ್ನು ಅಳೆಯಿತು. ವಿಮಾನೋದ್ಯಮದ ನಂಟಿದ್ದ, ಮೊದಲು ಉತ್ಸಾಹದಿಂದಲೇ ಇದ್ದ ಊರು ಅದು. ಕೊನೆಗೆ ನಾಲ್ವರಲ್ಲಿ ಒಬ್ಬರು ಇದರೊಂದಿಗೆ ಬದುಕಲಾರೆವೆಂದರು. ದೂರುಗಳು ಸಾವಿರಗಟ್ಟಲೆ ಬಂದವು, ಕಿಟಕಿ ಗಾಜುಗಳು ಒಡೆದವು. ಅದು ಮರ ಮತ್ತು ಇಟ್ಟಿಗೆಯ ಗಟ್ಟಿ ಮನೆಗಳ ಊರು. ಗುತ್ತಲ ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಇನ್ನೂ ಇವೆ. ವರದಾ ತುಂಗಭದ್ರೆಯರ ನಡುವಿನ ಈ ಕರಿಮಣ್ಣಿನ ನಾಡಿನಲ್ಲಿ ಮಳೆಗಾಲದಲ್ಲಿ ನೆನೆದು ಬಿದ್ದ ಮನೆಗಳ ಪಟ್ಟಿ ಪ್ರತಿವರ್ಷ ತಹಶೀಲ್ದಾರರ ಕಚೇರಿಗೆ ಹೋಗುತ್ತದೆ. ಇಂಥ ಗೋಡೆಗೆ ದಿನಕ್ಕೆ ಹಲವು ಬಾರಿ ತಟ್ಟುವ ಒತ್ತಡ ಏನು ಮಾಡಬಲ್ಲುದೆಂದು ಒಕ್ಲಹೋಮ ಪರೀಕ್ಷೆ ಹೇಳಲಾರದು. ಚೌಡದಾನಪುರದ ಮುಕ್ತೇಶ್ವರ, ಗಳಗನಾಥದ ಗಳಗೇಶ್ವರ, ಹರಳಹಳ್ಳಿಯ ಸೋಮೇಶ್ವರ ದೇವಾಲಯಗಳು ಶತಮಾನಗಳಿಂದ ನಿಂತಿವೆ. ಗಾರೆಯಿಲ್ಲದೆ ಕಲ್ಲಿನ ಭಾರದ ಮೇಲೆಯೇ ನಿಂತ ಕಟ್ಟಡಗಳ ಬಗ್ಗೆ ಎಚ್ಚರ ವಹಿಸಿರೆಂದು ಕೇಳುವುದು ಅತಿಯಾಗದು.

ಇದಕ್ಕೆ ಎದುರು ಪಕ್ಷದವರು ಕೊಡುವ ಉತ್ತರವೂ ತೂಕದ್ದೇ. ಕಾನ್‌ಕಾರ್ಡ್‌ನಂಥ ವಿಮಾನ ಎತ್ತರದಲ್ಲಿ ಹಾರುವಾಗ ನೆಲಕ್ಕೆ ತಲುಪುತ್ತಿದ್ದ ಹೆಚ್ಚುವರಿ ಒತ್ತಡ ಸುಮಾರು 100 ಪ್ಯಾಸ್ಕಲ್, ಅಂದರೆ ನಮ್ಮ ಸುತ್ತಲಿನ ವಾಯುಭಾರದ ಸಾವಿರದಲ್ಲೊಂದು ಪಾಲು. ಗಟ್ಟಿ ಕಟ್ಟಡವನ್ನು ಅದು ಬೀಳಿಸದು. ಹತ್ತಿರದಲ್ಲಿ ಬಡಿಯುವ ಸಿಡಿಲು, ಕಲ್ಲುಕ್ವಾರಿಯ ಬ್ಲಾಸ್ಟಿಂಗ್, ಜಾತ್ರೆಯ ಮದ್ದು ಇವೆಲ್ಲವನ್ನೂ ಈ ಊರುಗಳು ಸಹಿಸಿವೆ. ಕ್ವಾರಿ ಸ್ಫೋಟದ ಕಂಪನ ನೆಲದ ಮೂಲಕವೇ ಅಡಿಪಾಯಕ್ಕೆ ಹೋಗುತ್ತದೆ, ಆದರೂ ನಾವು ಕ್ವಾರಿಗಳನ್ನು ಒಟ್ಟಾರೆ ನಿಷೇಧಿಸದೆ ಅಂತರ, ಹೊತ್ತು, ಮದ್ದಿನ ಪ್ರಮಾಣ ಗೊತ್ತುಮಾಡಿ ನಿಯಂತ್ರಿಸುತ್ತೇವೆ. ಆಗಲೇ ಸೋತ ಗೋಡೆ ಕೊನೆಗೆ ಯಾವುದರಿಂದ ಬಿತ್ತೆಂದು ಹೇಳುವುದು ಕಷ್ಟವೆಂಬುದು ನಿಜ. ಆ ಕಷ್ಟವನ್ನೇ ಸಾಕ್ಷಿಯಾಗಿ ಹಿಡಿದು ಇಡೀ ತಂತ್ರಜ್ಞಾನವನ್ನು ತಡೆಯುವುದು ನ್ಯಾಯವೇ ಎಂದು ಅವರು ಕೇಳುತ್ತಾರೆ.

ಕ್ವಾರಿಯ ಹೋಲಿಕೆ ಮೇಲುನೋಟಕ್ಕೆ ಸರಿಯೆನಿಸಿದರೂ ಒಂದು ಕಡೆ ಸಡಿಲವಾಗುತ್ತದೆ. ಕ್ವಾರಿಗೆ ಮಾಲೀಕನಿದ್ದಾನೆ, ಲೈಸೆನ್ಸ್ ಇದೆ, ಎದುರು ನಿಂತು ಜಗಳವಾಡಬಹುದು. ವಿಮಾನದ ವಿಷಯದಲ್ಲಿ ಕಾನೂನು ಬಹುಕಾಲ ಮೇಲಿನವರ ಕಡೆಗೇ ವಾಲಿದೆ. 1934ರ ಭಾರತೀಯ ವಿಮಾನ ಕಾಯ್ದೆಯ 17ನೆಯ ಕಲಮು, ಯುಕ್ತವಾದ ಎತ್ತರದಲ್ಲಿ ಹಾಯ್ದ ಮಾತ್ರಕ್ಕೆ ವಿಮಾನದ ಮೇಲೆ ಅತಿಕ್ರಮಣ ಅಥವಾ ಉಪದ್ರವದ ದಾವೆ ಹೂಡುವಂತಿಲ್ಲ ಎಂದಿತು. ಆ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ನೆಲದ ಮೇಲಿನ ಹಾನಿಯನ್ನು ಕುರಿತ 1952ರ ರೋಮ್ ಒಡಂಬಡಿಕೆ ಕೂಡ, ಸಂಚಾರ ನಿಯಮ ಪಾಲಿಸಿ ಹಾಯ್ದದ್ದರಿಂದ ಮಾತ್ರ ಆದ ಹಾನಿಗೆ ಪರಿಹಾರವಿಲ್ಲವೆಂದು ತನ್ನ ಮೊದಲ ಕಲಮಿನಲ್ಲೇ ಹೇಳುತ್ತದೆ. ಹಾಯುವುದು ನಿರುಪದ್ರವಿಯಾಗಿದ್ದ ಕಾಲದಲ್ಲಿ ಬರೆದ ಮಾತುಗಳಿವು; ಆಗಿನ ಮಟ್ಟಿಗೆ ವಿವೇಕದ್ದೂ ಹೌದು. ಹಾಯುವುದೇ ಪೆಟ್ಟಾಗುವ ಹಾರಾಟಕ್ಕೆ ಇವನ್ನು ಹಾಗೆಯೇ ಹೊಂದಿಸಿದರೆ ಗೋಡೆ ಬಿದ್ದವನು ಯಾವ ಬಾಗಿಲಿಗೆ ಹೋಗಬೇಕು? ಮಳೆಗೆ ಬಿದ್ದ ಮನೆಯನ್ನು ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವರ್ಗ ಮಾಡಿಸಿಕೊಳ್ಳುವುದೇ ಎಷ್ಟು ಓಡಾಟದ ಕೆಲಸವೆಂದು ಹಾವೇರಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ವಿಮಾನಯಾನ ಸಂವಿಧಾನದ ಪ್ರಕಾರ ಕೇಂದ್ರಪಟ್ಟಿಯ ವಿಷಯವಾದ್ದರಿಂದ ಪಂಚಾಯಿತಿಯ ಠರಾವಿಗಾಗಲಿ ವಿಧಾನಸಭೆಯ ನಿರ್ಣಯಕ್ಕಾಗಲಿ ಇಲ್ಲಿ ಬಲವಿಲ್ಲ.

ಶಬ್ದಮಾಲಿನ್ಯದ ನಿಯಮಗಳು ನೆರವಾಗಬಹುದೇ ಎಂದರೆ, ಅದೂ ಅನುಮಾನ. 2000ನೇ ಇಸವಿಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ಅದು ಗಂಟೆಗಟ್ಟಲೆಯ ಸರಾಸರಿ. ಒಂದು ಸೆಕೆಂಡೂ ಇರದ ಪೆಟ್ಟು ಆ ಸರಾಸರಿಯಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಧ್ವನಿವರ್ಧಕಕ್ಕೆಂದು ಹೊಲಿದ ಅಂಗಿ ಇದಕ್ಕೆ ಒಪ್ಪುವುದಿಲ್ಲ.

ಇನ್ನು, ನಿಯಮ ಸಡಿಲವಾಗಲಿ ಎನ್ನುವವರ ಅತ್ಯಂತ ಬಲವಾದ ವಾದ. 1973ರ ನಿಯಮ ನಿಷೇಧಿಸಿದ್ದು ವೇಗವನ್ನು. ಜನರಿಗೆ ತೊಂದರೆ ಕೊಟ್ಟದ್ದು ಸದ್ದು. ಇವೆರಡೂ ಒಂದೇ ಆಗಿದ್ದ ಕಾಲದಲ್ಲಿ ವ್ಯತ್ಯಾಸ ಮುಖ್ಯವಾಗಿರಲಿಲ್ಲ. ಈಗ ಅವು ಬೇರೆಯಾಗುವ ಹಾದಿಯಲ್ಲಿವೆ. ನಾಸಾದ ಎಕ್ಸ್-59 ವಿಮಾನದ ಮೂತಿ ಅದರ ಉದ್ದದ ಮೂರನೇ ಒಂದರಷ್ಟಿದೆ; ಒತ್ತಡದ ಅಲೆಗಳು ಒಂದಾಗಿ ಸ್ಫೋಟವಾಗದಂತೆ ಚದುರಿಸುವುದೇ ಅದರ ಉದ್ದೇಶ. ಕಾನ್‌ಕಾರ್ಡ್‌ನ ಸದ್ದು ಗ್ರಹಿಕೆಯ ಅಳತೆಯಲ್ಲಿ 105 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಇದರ ಗುರಿ 75. ಪಕ್ಕದ ಬೀದಿಯಲ್ಲಿ ಕಾರಿನ ಬಾಗಿಲು ಹಾಕಿದಷ್ಟು ಎಂದು ನಾಸಾದವರು ವಿವರಿಸುತ್ತಾರೆ. 2025ರ ಅಕ್ಟೋಬರ್ 28ರಂದು ಅದು ಮೊದಲ ಬಾರಿಗೆ, ಕಡಿಮೆ ವೇಗದಲ್ಲಿ, ಹಾರಿತು. ಅದಕ್ಕೂ ಮೊದಲು, ಅದೇ ವರ್ಷದ ಜನವರಿ 28ರಂದು, ಬೂಮ್ ಸೂಪರ್‌ಸಾನಿಕ್ ಎಂಬ ಖಾಸಗಿ ಕಂಪನಿಯ ಎಕ್ಸ್‌ಬಿ-1 ವಿಮಾನ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಮೇಲೆ ಮ್ಯಾಕ್ 1.12ರ ವೇಗ ಮುಟ್ಟಿತು. ನೆಲದಲ್ಲಿ ಸ್ಫೋಟ ಕೇಳಿಸಲಿಲ್ಲವೆಂದು ಕಂಪನಿ ಪ್ರಕಟಿಸಿತು. ಜೂನ್ 6ರಂದು ಅಮೆರಿಕದ ಅಧ್ಯಕ್ಷರು 1973ರ ನಿಷೇಧವನ್ನು ತೆಗೆದು ಶಬ್ದದ ಪ್ರಮಾಣವನ್ನು ಆಧರಿಸಿದ ನಿಯಮ ತರುವಂತೆ ಆದೇಶಿಸಿದರು. ತೊಂದರೆ ಕೊಡದ ವಿಮಾನವನ್ನು ಕೇವಲ ವೇಗದ ಕಾರಣಕ್ಕೆ ತಡೆಯುವ ನಿಯಮಕ್ಕೆ ಸಮರ್ಥನೆ ಹುಡುಕುವುದು, ಒಪ್ಪಿಕೊಳ್ಳಬೇಕು, ಸುಲಭವಲ್ಲ. ಐವತ್ತು ವರ್ಷ ವೇಗವನ್ನೇ ಮುಚ್ಚಿಟ್ಟದ್ದರಿಂದ ಸದ್ದು ತಗ್ಗಿಸುವ ಸಂಶೋಧನೆಗೆ ಹಣ ಹಾಕುವವರೇ ಇಲ್ಲದಾಯಿತೆಂಬ ಮಾತಿನಲ್ಲೂ ಸತ್ಯದ ಅಂಶವಿದೆ.

ನಿಷೇಧ ಇದ್ದುದರಿಂದಲೇ ತಾನೇ ಸದ್ದಿಲ್ಲದ ವಿಮಾನ ಹುಡುಕಬೇಕಾಯಿತು ಎಂದು ಇದನ್ನು ತಿರುಗಿಸಿಯೂ ಹೇಳಬಹುದು. ಎರಡೂ ಪಕ್ಷದವರು ಒಂದೇ ಇತಿಹಾಸವನ್ನು ಓದಿ ವಿರುದ್ಧ ತೀರ್ಮಾನಕ್ಕೆ ಬರುತ್ತಾರೆ, ಯಾರೂ ಅಪ್ರಾಮಾಣಿಕರಲ್ಲ.

ಮೊಹಾವಿಯ ಫಲಿತಾಂಶವನ್ನು ಹಾಗೆಯೇ ತುಂಗಭದ್ರೆಯ ಮೇಲೆ ತಂದು ಇಡಬಹುದೇ ಎಂಬುದು ಬೇರೆ ಪ್ರಶ್ನೆ. ಮೊಹಾವಿಯಲ್ಲಿ ಸದ್ದು ನೆಲ ಮುಟ್ಟದ್ದಕ್ಕೆ ಕಾರಣ ಹೀಗಿದೆ. ಶಬ್ದ ಬೆಚ್ಚನೆಯ ಗಾಳಿಯಲ್ಲಿ ವೇಗವಾಗಿಯೂ ತಣ್ಣನೆಯ ಗಾಳಿಯಲ್ಲಿ ನಿಧಾನವಾಗಿಯೂ ಸಾಗುತ್ತದೆ. ಮೇಲೆ ಕೊರೆಯುವ ಚಳಿ, ಕೆಳಗೆ ಬಿಸಿ. ಹೀಗಾಗಿ ವಿಮಾನದ ವೇಗ ಎತ್ತರದಲ್ಲಿನ ಶಬ್ದವೇಗಕ್ಕಿಂತ ಹೆಚ್ಚಾಗಿ, ನೆಲದ ಬಳಿಯ ಶಬ್ದವೇಗಕ್ಕಿಂತ ಕಡಿಮೆಯಾಗಿ ಇದ್ದರೆ ಅಲೆ ಕೆಳಗಿಳಿಯುತ್ತ ಬಾಗಿ, ನೆಲ ತಲುಪುವ ಮೊದಲೇ ಮೇಲಕ್ಕೆ ತಿರುಗುತ್ತದೆ. 30 ಡಿಗ್ರಿ ಬಿಸಿಲಿನಲ್ಲಿ ನೆಲದ ಬಳಿ ಶಬ್ದ ಗಂಟೆಗೆ ಸುಮಾರು 1,257 ಕಿಲೋಮೀಟರ್ ಸಾಗಿದರೆ, 18 ಡಿಗ್ರಿಯ ಪುಷ್ಯಮಾಸದ ಬೆಳಗಿನಲ್ಲಿ ಸುಮಾರು 1,230. ವಿಮಾನಕ್ಕೆ ಸಿಗುವ ಅವಕಾಶ ಎತ್ತರದ ಮತ್ತು ನೆಲದ ಶಬ್ದವೇಗಗಳ ನಡುವಿನ ಈ ಕಿರುದಾರಿಯೊಳಗಿನದು, ಮತ್ತು ಅದು ಋತು, ಹೊತ್ತು, ಗಾಳಿಯೊಂದಿಗೆ ಬದಲಾಗುತ್ತದೆ. ಗಾಳಿಯ ವಿಷಯದಲ್ಲಿ ದಕ್ಷಿಣ ಭಾರತ ಸಾಮಾನ್ಯ ಪ್ರದೇಶವೇನಲ್ಲ: ಮುಂಗಾರಿನ ತಿಂಗಳುಗಳಲ್ಲಿ ಇದರ ಮೇಲೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ವಾಯುಪ್ರವಾಹ ಹರಿಯುತ್ತದೆ. ಅದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ನಮ್ಮದೇ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದೇ ಹೊತ್ತಿಗೆ ಕೆಳಗೆ ನೈರುತ್ಯದ ಗಾಳಿ ಎದುರು ದಿಕ್ಕಿಗೆ ಬೀಸುತ್ತಿರುತ್ತದೆ. ಆಷಾಢದ ಗಾಳಿಯಲ್ಲಿ ಸದ್ದು ಎಲ್ಲಿ ಬಾಗುತ್ತದೆ, ಎಲ್ಲಿ ಬಾಗದೆ ಬಂದು ಬಡಿಯುತ್ತದೆ ಎಂಬುದನ್ನು ಇಲ್ಲಿಯೇ ಅಳೆಯಬೇಕಾಗುತ್ತದೆ.

ಅಷ್ಟು ಮಾಡಿ ಗಳಿಸುವುದೆಷ್ಟು ಎಂಬ ಲೆಕ್ಕವೂ ಬೇಕು. ಬೆಂಗಳೂರು–ದೆಹಲಿ ಅಂತರ ಸುಮಾರು 1,740 ಕಿಲೋಮೀಟರ್. ಸದ್ದು ಕೇಳಿಸದ ಆ ಮಿತಿಯೊಳಗೆ ಹಾರಿದರೆ ಇಂದಿನ ವೇಗಕ್ಕಿಂತ ಉಳಿಯುವುದು ಅರ್ಧ ಗಂಟೆ. ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯ ವಾಹನದಟ್ಟಣೆ ಅದನ್ನು ಒಂದು ಸಂಜೆಯಲ್ಲಿ ನುಂಗಬಲ್ಲುದು.

ದೇಶದೊಳಗಿನ ದಾರಿಯನ್ನೇ ನೋಡುವುದು ಸರಿಯಲ್ಲ ಎಂದು ಸಡಿಲಿಕೆಯ ಪರ ಇರುವವರು ಇಲ್ಲಿ ತಡೆಯುತ್ತಾರೆ. ಅವರ ಮಾತು ಕೇಳತಕ್ಕದ್ದು. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗುವ ವಿಮಾನದ ಕೆಳಗೆ ಸಾಗರವಿದೆ. ನೆಲದ ನಿಷೇಧ ಅದಕ್ಕೆ ಅಡ್ಡಿಯೇ ಅಲ್ಲ. ಬೆಂಗಳೂರಿನಿಂದ ಲಂಡನ್ನಿಗೆ 8,000 ಕಿಲೋಮೀಟರ್, ಹೆಚ್ಚಿನದು ನೆಲ. ನಿಷೇಧ ಎಲ್ಲರಿಗೂ ಒಂದೇ ಎಂದು ಕಂಡರೂ ಅದರ ಭಾರ ಭೂಖಂಡದ ನಡುವಿನ ದೇಶಗಳ ಮೇಲೆ ಹೆಚ್ಚು ಬೀಳುತ್ತದೆ. ಹೊರದೇಶದಲ್ಲಿ ಮಕ್ಕಳಿರುವ ತಂದೆತಾಯಿ ಈಗ ಹಾವೇರಿ, ರಾಣೆಬೆನ್ನೂರಿನಲ್ಲೂ ಇದ್ದಾರೆ. ಹತ್ತು ಗಂಟೆ ಐದಾಗುವುದು ಎಪ್ಪತ್ತು ದಾಟಿದ ಮೊಣಕಾಲಿಗೆ ಸಣ್ಣ ಮಾತಲ್ಲ. ಉದ್ಯೋಗದ ಪ್ರಶ್ನೆಯೂ ಇದೆ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಆರಂಭವಾದ ರಾಜ್ಯ ಇದು. ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ 1961ರಲ್ಲಿ ಹಾರಿದ್ದು ಇಲ್ಲಿ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಟ್ರೈಸಾನಿಕ್ ಗಾಳಿಸುರಂಗ 1967ರಿಂದ ಬೆಂಗಳೂರಿನಲ್ಲಿದೆ. 2003ರ ಆಗಸ್ಟಿನಲ್ಲಿ ತೇಜಸ್ ಯುದ್ಧವಿಮಾನ ಶಬ್ದದ ವೇಗ ದಾಟಿತು. ಬೆಳಗಾವಿ ಬಳಿಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗಿ ಹೊರದೇಶಕ್ಕೆ ಹೋಗುತ್ತಿವೆ. ಇಷ್ಟೆಲ್ಲ ಇದ್ದೂ ನಿಯಮ ಬರೆಯುವ ಕೆಲಸವನ್ನು ಇತರರಿಗೆ ಬಿಟ್ಟು, ಬಂದಾಗ ಬೇಡವೆನ್ನುವುದಕ್ಕಷ್ಟೇ ತೃಪ್ತರಾದರೆ 1979ರ ಸ್ಥಿತಿಯಲ್ಲೇ ಉಳಿದಂತಾಗುತ್ತದೆ.

ಮರುವಾದದ ತಿರುಳು ಲಾಭನಷ್ಟದ ಹಂಚಿಕೆ. ಬೂಮ್ ಕಂಪನಿ ಕಟ್ಟಬಯಸುವ ಓವರ್ಚರ್ ವಿಮಾನಕ್ಕೆ 60ರಿಂದ 80 ಆಸನ. ಅಷ್ಟು ಜನರ ಅನುಕೂಲಕ್ಕೆ ಸದ್ದಿನ ಪಟ್ಟಿಯೊಳಗಿನ ಲಕ್ಷಾಂತರ ಜನ ಒಂದು ಪೆಟ್ಟನ್ನು ತಾಳಬೇಕು. ಟಿಕೆಟ್ ಕೊಂಡವನು ಪೆಟ್ಟು ಕೇಳುವುದಿಲ್ಲ, ಕೇಳುವವನು ಟಿಕೆಟ್ ಕೊಳ್ಳುವುದಿಲ್ಲ. ಹೊಸ ಸವಾರಿಯೆಲ್ಲ ಮೊದಲಿಗೆ ಸಿರಿವಂತರದ್ದೇ, 1948ರಲ್ಲಿ ಏರ್ ಇಂಡಿಯಾ ಮುಂಬಯಿಯಿಂದ ಲಂಡನ್ನಿಗೆ ಮೊದಲ ಬಾರಿ ಹಾರಿದಾಗಲೂ ಸಾಮಾನ್ಯರು ಅದರಲ್ಲಿ ಇರಲಿಲ್ಲ, ಇಂದು ಹುಬ್ಬಳ್ಳಿಯಿಂದಲೇ ವಿಮಾನ ಹತ್ತುತ್ತೇವೆ ಎಂಬ ಸಮಾಧಾನವಿದೆ. ಕಾನ್‌ಕಾರ್ಡ್ ಮಾತ್ರ ಆ ಸಮಾಧಾನಕ್ಕೆ ಒಪ್ಪುವುದಿಲ್ಲ: 1976ರಿಂದ 2003ರವರೆಗೆ ಇಪ್ಪತ್ತೇಳು ವರ್ಷ ಹಾರಿದರೂ ಅದರ ಟಿಕೆಟ್ ಸಾಮಾನ್ಯರ ಕೈಗೆ ಎಟುಕಲೇ ಇಲ್ಲ. ವೇಗ ಹೆಚ್ಚಿದಂತೆ ಗಾಳಿಯ ಎಳೆತ ಹೆಚ್ಚಿ, ಪ್ರಯಾಣಿಕನೊಬ್ಬನಿಗೆ ಇಂದಿನ ವಿಮಾನಗಳ ಹಲವು ಪಟ್ಟು ಇಂಧನ ಬೇಕಾಗುತ್ತದೆ. ಉರಿದದ್ದು ಓಜೋನ್ ಇರುವ ಎತ್ತರದಲ್ಲೇ ಬಿಡುಗಡೆಯಾಗುತ್ತದೆ. ಶಬ್ದದ ನಿಯಮ ಎಷ್ಟು ಚೆನ್ನಾಗಿದ್ದರೂ ಇದನ್ನು ಸರಿಪಡಿಸದು.

ಪ್ರಾಣಿಗಳ ವಿಷಯದಲ್ಲಿ ಎರಡು ಕಡೆಯವರೂ ಸ್ವಲ್ಪ ಹೆಚ್ಚೇ ಹೇಳುತ್ತಾರೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರಿನ ಬಯಲು. ಬಂಕಾಪುರದ ಕೋಟೆಯೊಳಗೆ ನವಿಲುಧಾಮವಿದೆ. ಹಠಾತ್ ಸದ್ದಿಗೆ ಪ್ರಾಣಿಗಳು ಬೆದರುವುದೂ, ಪದೇ ಪದೇ ಕೇಳಿದರೆ ಬಹುಪಾಲು ಒಗ್ಗಿಕೊಳ್ಳುವುದೂ ಬೇರೆ ಕಡೆ ಕಂಡಿದೆ. ಬೆದರಿ ಓಡುವುದೇ ಬದುಕಿನ ಉಪಾಯವಾಗಿರುವ ಕೃಷ್ಣಮೃಗ ಒಗ್ಗಿಕೊಂಡರೆ ಅದಕ್ಕೆ ಒಳಿತೋ ಕೆಡುಕೋ ಎಂಬುದು ವನ್ಯಜೀವಿ ತಜ್ಞರಿಗೆ ಬಿಟ್ಟ ಮಾತು.

ಸೇನೆಯ ಹಾರಾಟವನ್ನು ಈ ತಕ್ಕಡಿಗೆ ಹಾಕುವುದು ಸರಿಯೇ? ಪರೀಕ್ಷೆಗೆಂದು ಹಾರುವ ತೇಜಸ್ ಸದ್ದನ್ನು ಸಹಿಸುವ ಜನ ನಾಗರಿಕ ವಿಮಾನದ್ದನ್ನೂ ಸಹಿಸಲಿ ಎಂಬ ವಾದ ಅಲ್ಲಲ್ಲಿ ಕೇಳುತ್ತದೆ. ಎರಡೂ ಕಿವಿಗೆ ಒಂದೇ ಎಂಬುದು ನಿಜ. ದೇಶದ ರಕ್ಷಣೆಗೆ ಆಗೊಮ್ಮೆ ಈಗೊಮ್ಮೆ ಒಪ್ಪಿಕೊಂಡದ್ದನ್ನು ವ್ಯಾಪಾರಕ್ಕೆ ದಿನಾಲೂ ಒಪ್ಪಿಕೊಳ್ಳಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ. 2020ರ ಘಟನೆ ಕಲಿಸಿದ್ದು ಮತ್ತೊಂದು: ಸದ್ದಿನಷ್ಟೇ ಜನರನ್ನು ಕಾಡಿದ್ದು ಅದೇನೆಂದು ತಿಳಿಯದೆ ಕಳೆದ ಆ ಕೆಲವು ಗಂಟೆಗಳು.

ಎರಡೂ ಪಕ್ಷವನ್ನು ತೂಗಿದ ಮೇಲೆ, ಹಿಂಜರಿಕೆಯಿಂದಲೇ, ನಡುವಣ ದಾರಿಯೊಂದರ ಕಡೆಗೆ ಮನಸ್ಸು ವಾಲುತ್ತದೆ. ವೇಗವನ್ನೇ ಅಪರಾಧವಾಗಿಸುವ ನಿಯಮವನ್ನು ಶಾಶ್ವತವೆಂದು ಹಿಡಿದು ಕೂರಬೇಕಿಲ್ಲ. ನೆಲಕ್ಕೆ ತಲುಪುವ ಸದ್ದೇ ಅಳತೆಗೋಲಾಗಲಿ ಎಂಬ ತತ್ವ ನ್ಯಾಯವಾದದ್ದು. ಸೂಪರ್‌ಸಾನಿಕ್ ಸ್ಫೋಟದಿಂದ ಜನರಿಗೆ ಸಹಿಸಲಾಗದ ಪರಿಸ್ಥಿತಿ ಉಂಟಾಗಬಾರದೆಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸಭೆ ಹಲವು ಬಾರಿ ಪುನರುಚ್ಚರಿಸಿದ ನಿರ್ಣಯಕ್ಕೂ ಅದು ಹೊಂದುತ್ತದೆ. ಆದರೆ ಆ ಅಳತೆ ಆಗುವ ತನಕ, ಸದ್ದಿಲ್ಲವೆಂದು ಸಾಬೀತುಪಡಿಸುವ ಹೊಣೆ ಹಾರುವವರ ಮೇಲಿರಬೇಕು, ತೊಂದರೆಯಿದೆಯೆಂದು ಸಾಬೀತುಪಡಿಸುವ ಹೊಣೆ ಕೇಳುವವರ ಮೇಲೆ ಬೀಳಬಾರದು. ಅಲ್ಲಿಯವರೆಗೆ ಪೂರ್ಣ ವೇಗ ಅರಬ್ಬೀ ಸಮುದ್ರದ ಮೇಲೆ ಮಾತ್ರ. ಕರಾವಳಿಯಿಂದ ದೂರ ಸಾಗಿದ ಮೇಲೆ ವೇಗ ಏರಿಸುವುದಾದರೆ ಬೆಂಗಳೂರಿನವರಿಗೆ ಹೆಚ್ಚಿನ ನಷ್ಟವಿಲ್ಲ. ಪಶ್ಚಿಮಕ್ಕೆ ಹೊರಟ ವಿಮಾನ ಅರ್ಧ ಗಂಟೆಯಲ್ಲಿ ಮಂಗಳೂರು ದಾಟುತ್ತದೆ.

ನೆಲದ ಮೇಲೆ ಪರೀಕ್ಷೆಗೆ ಒಂದು ಕಿರಿದಾದ ದಾರಿ ಗೊತ್ತುಮಾಡಿ, ಹಗಲಿನಲ್ಲಿ ಮಾತ್ರ, ದಿನ ಮತ್ತು ಹೊತ್ತನ್ನು ಮೊದಲೇ ಡಂಗುರ ಸಾರಿದಂತೆ ತಿಳಿಸಿ, ಒಂದು ಪೂರ್ತಿ ವರ್ಷ ನೋಡಬಹುದು. ಚಳಿಗಾಲದ ಬೆಳಗು ಮತ್ತು ಆಷಾಢ ಎರಡೂ ಅದರಲ್ಲಿ ಬರಬೇಕು. ನಾಸಾ ತನ್ನ ಎಕ್ಸ್-59ನ್ನು ಕೆಲವು ಊರುಗಳ ಮೇಲೆ ಹಾರಿಸಿ ಅಲ್ಲಿಯ ಜನರನ್ನೇ ಕೇಳುವ ಯೋಜನೆ ಹಾಕಿಕೊಂಡಿದೆ. ಇಲ್ಲಿಯೂ ಪ್ರಶ್ನಾವಳಿ ಕನ್ನಡದಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳುವಂತಿರಲಿ. ಶಬ್ದಮಾಪಕಗಳು ದಾರಿಯ ನಡುಗೆರೆಯ ಜೊತೆಗೆ ಅಂಚಿನ ಊರುಗಳ ಶಾಲೆ, ಪಂಚಾಯಿತಿ ಕಟ್ಟಡಗಳ ಮೇಲೂ ಇರಬೇಕಾಗುತ್ತದೆ. ಹಾರಾಟಕ್ಕೆ ಮೊದಲು ಪಟ್ಟಿಯೊಳಗಿನ ಮಣ್ಣಿನ ಮನೆಗಳ, ಹಳೆಯ ದೇವಾಲಯಗಳ ಬಿರುಕುಗಳ ಫೋಟೋ ತೆಗೆದು ದಾಖಲಿಸಿಟ್ಟರೆ ಆಮೇಲಿನ ವಾದದ ಅರ್ಧಭಾಗ ಅಲ್ಲಿಗೇ ಮುಗಿಯುತ್ತದೆ. ಈ ದಾಖಲೆಯ ಖರ್ಚು ಕಂಪನಿಯದು.

ಇದರಲ್ಲಿ ಎರಡು ತೊಡಕುಗಳು ಉಳಿಯುತ್ತವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಇಷ್ಟೆಲ್ಲ ಷರತ್ತು ಹಾಕಿದರೆ ಯಾವ ಕಂಪನಿಯೂ ಪರೀಕ್ಷೆಗೆ ಮುಂದೆ ಬಾರದಿರಬಹುದು. ಆಗ ನಡುದಾರಿ ಎಂಬುದು ಬೇರೆ ಹೆಸರಿನ ನಿಷೇಧವಾಗುತ್ತದೆ. ಎರಡನೆಯದು ಪರಿಹಾರದ್ದು. ತಪ್ಪು ಯಾರದೆಂದು ಕೇಳದೆ, ಹಾರಾಟದ ದಿನ ಪಟ್ಟಿಯೊಳಗೆ ಗೋಡೆ ಬಿದ್ದರೆ ಕೊಡುವ ಪರಿಹಾರ ನಿಧಿಯೊಂದನ್ನು ಕಾನೂನಿನಲ್ಲೇ ಬರೆಯದೆ ಮೊದಲ ವಿಮಾನಕ್ಕೆ ಅನುಮತಿ ಸಲ್ಲದು ಎಂದು ನನಗನಿಸುತ್ತದೆ. ಅದನ್ನು ಬರೆದರೆ ಮಳೆಗೆ ಬಿದ್ದ ಗೋಡೆಯೂ ಆ ಲೆಕ್ಕಕ್ಕೆ ಸೇರಿಕೊಳ್ಳುತ್ತದೆಂದು ವಿಮೆಯವರು ಖಂಡಿತ ಆಕ್ಷೇಪಿಸುತ್ತಾರೆ. ಒಂದಷ್ಟು ಹಾಗೆ ಆಗಲೂಬಹುದು. ಆ ಸೋರಿಕೆಯ ಅಂದಾಜನ್ನು ಹಾಕಿ ಟಿಕೆಟ್ಟಿನ ಬೆಲೆಗೆ ಸೇರಿಸುವುದು ಸಾಧ್ಯ.